ಎರಡು ಹಾರ್ಮೋನಿಯಂ, ಐದು ಸ್ವರ

ರೆಕಾರ್ಡಿಂಗ್ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ನನ್ನಲ್ಲಿ ಮೊದಲು ಕೇಳುವುದು ಯಾವ ಮೈಕ್ ಒಳ್ಳೆಯದು, ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂದು. ಅದನ್ನು ಯಾರು ಬೇಕಾದರೂ ಹೇಳಿಕೊಡುತ್ತಾರೆ. ಈ ಕೆಲಸದಲ್ಲಿ ದಿನದ ಹೆಚ್ಚಿನ ಹೊತ್ತು ಕೇಳಿದ್ದನ್ನೇ ಪುನಃ ಕೇಳಲಿಕ್ಕೆ ಉಂಟು ಎನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಒಂದೇ ಸಾಲು, ಒಂದೇ ತಾನ, ಎಲ್ಲೋ ನಡುವೆ ಯಾರದೋ ಒಂದೇ ಕೆಮ್ಮು. ಸಂಜೆಯಾಗುವಾಗ ಕಿವಿ ಒಂದೋ ಮುಚ್ಚಿಹೋಗಿರುತ್ತದೆ, ಇಲ್ಲವೇ ಬೆಳಿಗ್ಗೆ ಕೇಳದೆ ಇದ್ದದ್ದೆಲ್ಲ ಕೇಳಲಿಕ್ಕೆ ಶುರುವಾಗಿರುತ್ತದೆ. ಎರಡನೆಯದು ಆಗುವ ತನಕ ಕುರ್ಚಿ ಬಿಟ್ಟು ಏಳದವರಿಗೆ ಈ ಕೆಲಸ.

ನಾನು ಕಾವೂರಿನವಳು. ನಮ್ಮ ಕುಟುಂಬದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನೇ. ಬಿ.ಎಸ್ಸಿ., ಅದರಲ್ಲೂ ಫಿಸಿಕ್ಸ್. ಹೇಳಿಕೊಳ್ಳಲಿಕ್ಕೆ ನನಗೆ ಯಾವ ಸಂಕೋಚವೂ ಇಲ್ಲ. ಅಮ್ಮ ಬೀಡಿ ಸುತ್ತಿ ಓದಿಸಿದ ಡಿಗ್ರಿ ಅದು. ಬೋಳಾರದಲ್ಲಿ ನದಿ ಬದಿಯ ಒಂದು ಸ್ಟುಡಿಯೋದಲ್ಲಿ ಕೆಲಸ ಸಿಕ್ಕಿದೆ ಎಂದಾಗ ಅಮ್ಮ ಬೀಡಿಯ ಸೂಪಿನಿಂದ, ಎಂದರೆ ಎಲೆ ಹರಡುವ ಮೊರದಿಂದ, ತಲೆ ಎತ್ತಿ ಎಂತ ಕೆಲಸ ಎಂದು ವಿಚಾರಿಸಿದರು. ಹಾಡುವವರು ಒಂದೇ ಹಾಡನ್ನು ಹತ್ತಿಪ್ಪತ್ತು ಸಲ ಹಾಡುತ್ತಾರೆ, ನಾನು ಕೂತು ಕೇಳಬೇಕು ಎಂದೆ. ನಮ್ಮ ಮನೆಯ ಮಾತು ತುಳು. ಅಮ್ಮ ತುಳುವಿನಲ್ಲೇ ಹೇಳಿದ್ದು ಇಷ್ಟು: "ನಾನು ಸುತ್ತಿದ್ದನ್ನೇ ಸುತ್ತುದು, ನೀನು ಕೇಳಿದ್ದನ್ನೇ ಕೇಳುದು. ಮತ್ತೆ ಬಿ.ಎಸ್ಸಿ. ಎಂತಕ್ಕೆ ಮಾಡಿದ್ದು ಮಾರಾಯ್ತಿ?"

ಉತ್ತರ ಕೊಡಲಿಕ್ಕೆ ನನಗೆ ಇಡೀ ಉದ್ಯೋಗದ ಕಾಲವೇ ಬೇಕಾಯಿತು. ನಡುವೆ ನನಗೆ ಯಾವಾಗ ಯಾವ ಹುದ್ದೆ ಸಿಕ್ಕಿತು ಎನ್ನುವುದನ್ನೆಲ್ಲ ಬಿಟ್ಟುಬಿಡುತ್ತೇನೆ. ಅದರಿಂದ ನಿಮಗೆ ಕಲಿಯಲಿಕ್ಕೆ ಎಂತದೂ ಇಲ್ಲ.

ನಮ್ಮ ಯಜಮಾನರು ಭುಜಂಗಣ್ಣ. ಹೋಟೆಲಿನವರ ಮನೆತನ. ಹಾಡಿನ ಹುಚ್ಚಿಗೆ ಸ್ಟುಡಿಯೋ ತೆರೆದವರು, ಆದರೆ ಹೋಟೆಲಿನ ಗಡಿಬಿಡಿ ಬಿಟ್ಟವರಲ್ಲ. ನಾನು ಇನ್ನೊಂದು ಟೇಕ್ ಎಂದರೆ ಸಾಕು, "ಸಾಂಬಾರಿಗೆ ಎಷ್ಟು ಸಲ ಉಪ್ಪು ನೋಡುದು? ಇಳಿಸು ಒಲೆಯಿಂದ!" ಎಂದು ಹಿಂದಿನಿಂದ ಕೂಗುತ್ತಿದ್ದರು.

ಆಗ ಟೇಪಿನ ಕಾಲ. ಶ್ರುತಿಪೆಟ್ಟಿಗೆಯ ತಿದಿ ಒತ್ತುತ್ತಾ ಕೂರಲಿಕ್ಕೆ ದಿನವಿಡೀ ಜನ ಸಿಗುತ್ತಿರಲಿಲ್ಲ. ಅದಕ್ಕೆ ನಾವು ಮಾಡುತ್ತಿದ್ದ ಉಪಾಯ ಹೀಗೆ: ತಂಬೂರಿಯ ನಾದವನ್ನು ಸ್ವಲ್ಪ ರೆಕಾರ್ಡ್ ಮಾಡಿ, ಆ ಟೇಪಿನ ತುಂಡನ್ನು ಕತ್ತರಿಸಿ, ಎರಡು ತುದಿಗಳನ್ನು ಅಂಟಿಸಿ ಬಳೆಯ ಹಾಗೆ ಮಾಡುವುದು. ಆ ಬಳೆ ಮೆಷಿನಿನಿಂದ ಹೊರಟು, ಎದುರು ಸ್ಟೂಲಿನ ಮೇಲೆ ನೀರು ತುಂಬಿಸಿಟ್ಟ ಸ್ಟೀಲ್ ಚೆಂಬಿಗೆ ಸುತ್ತು ಹಾಕಿ, ಪುನಃ ಮೆಷಿನಿಗೆ ಬರುತ್ತಿತ್ತು. ಅದು ತಿರುಗುತ್ತಿರುವ ತನಕ ಶ್ರುತಿ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಟೇಪು ಸಡಿಲವಾದರೆ ಚೆಂಬನ್ನು ಬೆರಳಷ್ಟು ಹಿಂದೆ ಸರಿಸಬೇಕು, ಅಷ್ಟೇ.

ಒಂದೇ ತೊಂದರೆ. ಅಂಟಿಸಿದ ಜಾಗ ಹಾದುಹೋಗುವಾಗಲೆಲ್ಲ ಸಣ್ಣಕ್ಕೆ 'ಟಕ್' ಎಂದು ಕೇಳುತ್ತಿತ್ತು. ದೇವರನಾಮ ಹಾಡಲು ಬರುತ್ತಿದ್ದ ಒಬ್ಬರು ಟೀಚರಮ್ಮ ಇದ್ದರು. ಒಳ್ಳೆಯ ಕಂಠ, ತಾಳ ಮಾತ್ರ ಅವರು ಹೇಳಿದ ಹಾಗೆ ಕೇಳುತ್ತಿರಲಿಲ್ಲ. ಎರಡು ಕ್ಯಾಸೆಟ್ಟು ಆಗುವಾಗ ನಾನು ಟೇಪನ್ನು ಓರೆಯಾಗಿ ಕತ್ತರಿಸಿ ಅಂಟಿಸಲು ಕಲಿತೆ, ಟಕ್ ಹೋಯಿತು. ಮೂರನೆಯ ಕ್ಯಾಸೆಟ್ಟಿನ ದಿನ ಅವರು ಪಲ್ಲವಿಯಲ್ಲೇ ಎಡವಿದರು. ಮತ್ತೊಮ್ಮೆ ಎಡವಿದರು. ಕೊನೆಗೆ ಸಿಟ್ಟಿನಲ್ಲಿ ಕೇಳಿದರು, "ಸುಮತಿ, ನನ್ನ ಟಕ್ ಎಲ್ಲಿ?"

"ಅದು ದೋಷ ಅಲ್ವಾ ಟೀಚರ್, ನಾನು ತೆಗೆದೆ."

"ದೋಷವಾ? ನಾನು ಇಷ್ಟು ದಿನ ಹಾಡಿದ್ದು ಅದನ್ನೇ ಹಿಡ್ಕೊಂಡು!"

ಭುಜಂಗಣ್ಣ ನಗು ತಡೆಯಲಿಕ್ಕೆ ಹೊರಗೆ ಹೋದರು. ನಾನು ಹಳೆಯ ಬಳೆ ಹುಡುಕಿ ತಂದು ಹಾಕಿದೆ. ಟಕ್ ಬಂತು, ಅವರು ಹಾಡಿದರು. ತಪ್ಪು ಕೂಡ ಬಿಡದೆ ತಿರುಗಿ ತಿರುಗಿ ಬಂದರೆ ಕಿವಿ ಅದರ ಮೇಲೆ ಮನೆ ಕಟ್ಟುತ್ತದೆ ಎಂದು ನನಗೆ ತಿಳಿದದ್ದು ಅವತ್ತು.

ಇನ್ನೊಂದು ಪಾಠ ಗೋಡೆಯ ಆಚೆಯಿಂದ ಬಂತು. ನಮ್ಮ ಹಿಂದೆ ದೋಣಿ ರಿಪೇರಿಯ ಜಾಗ. ಇಬ್ಬರು ಬಡಗಿಗಳು ಹಲಗೆಗೆ ಮೊಳೆ ಹೊಡೆಯಲು ಕೂತರೆ ನಮ್ಮ ಬಾಗಿಲು ಎಷ್ಟು ಭದ್ರ ಮಾಡಿದರೂ ಸದ್ದು ಒಳಗೆ ಬರುತ್ತಿತ್ತು. ಅವರು ನಿಲ್ಲಿಸುವ ತನಕ ನಾವು ರೆಕಾರ್ಡಿಂಗ್ ನಿಲ್ಲಿಸಿ ಕಾಯಬೇಕು. ಕಾಯುವಾಗ ಮಾಡುವುದೇನು? ನಾನು ಅದನ್ನೇ ಕೇಳುತ್ತಿದ್ದೆ. ಇಬ್ಬರದೂ ಹೆಚ್ಚುಕಡಿಮೆ ಒಂದೇ ವೇಗ, ಆದರೆ ಪೂರ್ತಿ ಒಂದೇ ಅಲ್ಲ. ಕೆಲವು ಹೊತ್ತು ಎರಡು ಸುತ್ತಿಗೆಯೂ ಒಟ್ಟಿಗೆ ಬಿದ್ದು ಒಬ್ಬನೇ ಹೊಡೆದ ಹಾಗೆ ಕೇಳುತ್ತದೆ. ಮೆಲ್ಲನೆ ಒಂದು ಪೆಟ್ಟು ಇನ್ನೊಂದರ ಬೆನ್ನಿಗೆ ಬರುತ್ತದೆ, ಕುದುರೆ ಓಡಿದ ಹಾಗೆ. ಆಮೇಲೆ ಸರಿಯಾಗಿ ನಡುವೆ ಬಿದ್ದು ಇಬ್ಬರೂ ಅವಸರದಲ್ಲಿ ಇದ್ದಾರೋ ಎನ್ನಿಸುತ್ತದೆ. ಅವಸರ ಯಾರಿಗೂ ಇರಲಿಲ್ಲ. ಇಬ್ಬರೂ ತಮ್ಮ ತಮ್ಮ ಪಾಡಿಗೆ ಹೊಡೆಯುತ್ತಿದ್ದರು. ಆ ಕುದುರೆ ಇಬ್ಬರ ಕೈಯಲ್ಲೂ ಇರಲಿಲ್ಲ, ನನ್ನ ಕಿವಿಯಲ್ಲಿ ಇತ್ತು.

ಕ್ಯಾಸೆಟ್ಟು ಹೋಗಿ ಸಿಡಿ ಬಂತು, ಸಿಡಿ ಹೋಗಿ ಕಂಪ್ಯೂಟರ್ ಬಂತು. ಕಂಪ್ಯೂಟರ್ ಜೊತೆ ಕ್ಲಿಕ್ ಬಂತು. ಹಾಡುವವರು ಮತ್ತು ನುಡಿಸುವವರು ಹೆಡ್‌ಫೋನಿನಲ್ಲಿ ಟಿಕ್ ಟಿಕ್ ಎನ್ನುವ ಒಂದು ಸದ್ದು ಕೇಳಿಕೊಂಡು ಅದೇ ವೇಗದಲ್ಲಿ ಹೋಗಬೇಕು. ಹಾಗಾದರೆ ಇವತ್ತು ತಬಲ, ನಾಡಿದ್ದು ಕೊಳಲು ಎಂದು ಬೇರೆ ಬೇರೆ ದಿನ ರೆಕಾರ್ಡ್ ಮಾಡಿ ಪದರ ಪದರವಾಗಿ ಜೋಡಿಸಬಹುದು. ಕೆಲಸ ಸುಲಭವಾಯಿತು, ನಾನು ಇಲ್ಲವೆನ್ನುವುದಿಲ್ಲ. ಒಬ್ಬರಿಗೆ ಮಾತ್ರ ಅದರಿಂದ ಕೆಲಸ ಹೋಯಿತು.

ಅವರು ಸಂಜೀವಣ್ಣ, ನಮ್ಮ ಹಾರ್ಮೋನಿಯಂನವರು. ಮನೆ ಬೋಳಾರದಲ್ಲೇ. ಭಜನಾ ಮಂದಿರಗಳಲ್ಲಿ ನುಡಿಸಿ ಕೈ ಪಳಗಿದವರು. ನಾನು ಸೇರುವ ಮೊದಲೇ ಸ್ಟುಡಿಯೋದಲ್ಲಿ ಇದ್ದವರು. ವಯಸ್ಸಾಗುತ್ತಾ ಎಡಗಿವಿ ಪೂರ್ತಿ ಹೋಯಿತು, ಬಲಗಿವಿ ಅರ್ಧಂಬರ್ಧ. ಮಗಳು ತೆಗೆಸಿಕೊಟ್ಟ ಶ್ರವಣಯಂತ್ರ ಅಂಗಿಯ ಕಿಸೆಯಲ್ಲೇ ಇರುತ್ತಿತ್ತು. "ಅದು ಹಾಕಿದರೆ ಫ್ಯಾನು ಕೇಳ್ತದೆ. ಫ್ಯಾನು ಕೇಳಿ ನನಗೆ ಎಂತ ಆಗ್ಲಿಕ್ಕುಂಟು?" ಎನ್ನುತ್ತಿದ್ದರು.

ಒಂದು ಭಜನಾ ಮಂಡಳಿಯ ರೆಕಾರ್ಡಿಂಗ್. ತಬಲ ಮೊದಲೇ ಕ್ಲಿಕ್ಕಿಗೆ ಆಗಿತ್ತು. ಸಂಜೀವಣ್ಣನಿಗೆ ಹೆಡ್‌ಫೋನಿನ ಕ್ಲಿಕ್ ಕೇಳಲಿಲ್ಲ. ಅವರು ತಮ್ಮ ವೇಗದಲ್ಲಿ ಹೋದರು, ಹಾಡುವವರು ಕ್ಲಿಕ್ಕನ್ನು ಬಿಟ್ಟು ಅವರ ಹಿಂದೆ ಹೋದರು, ತಬಲ ಒಂದು ಕಡೆ, ಭಜನೆ ಒಂದು ಕಡೆ. ಮಂಡಳಿಯ ಅಧ್ಯಕ್ಷರು ಕಂಟ್ರೋಲ್ ರೂಮಿನಲ್ಲೇ ರೇಗಿದರು. ಭುಜಂಗಣ್ಣ ಬಾಗಿಲು ತೆರೆದು ಒಳಗೆ ಹೋಗಿ, ಚರಣ ನಡೆಯುತ್ತಿದ್ದ ಹಾಗೆಯೇ ಸಂಜೀವಣ್ಣನ ಹೆಗಲು ಮುಟ್ಟಿ ಎಬ್ಬಿಸಿದರು. ಎದ್ದಾಗ ಹಾರ್ಮೋನಿಯಂನ ತಿದಿ ಇನ್ನೂ ತೆರೆದೇ ಇತ್ತು, ಗಾಳಿ ಮೆಲ್ಲನೆ ಹೊರಗೆ ಹೋಗುವುದು ನನ್ನ ಹೆಡ್‌ಫೋನಿನಲ್ಲಿ ಕೇಳಿತು.

"ಇನ್ನು ಅವರನ್ನು ಮೈಕಿನ ಎದುರು ಕೂರಿಸ್ಬೇಡ ಸುಮತಿ," ಎಂದರು ಭುಜಂಗಣ್ಣ ಸಂಜೆ. "ನಂಗೆ ಖುಷಿಯಾ ಹೇಳ್ಲಿಕ್ಕೆ? ಆದ್ರೆ ಎಂತ ಮಾಡುದು, ಕಿವಿ ಇಲ್ಲದೆ ಆಗ್ತದಾ?"

ಸಂಜೀವಣ್ಣ ಮರುದಿನವೂ ಬಂದರು. ಅದರ ಮರುದಿನವೂ. ಹೊರಗಿನ ಬೆಂಚಿನಲ್ಲಿ ಕೂತು ಪೇಪರ್ ಓದಿ, ಚಾ ಕುಡಿದು, ಸಂಜೆ ಮನೆಗೆ ಹೋಗುತ್ತಿದ್ದರು. ಯಾಕೆ ಬರುತ್ತೀರಿ ಎಂದು ಯಾರೂ ಕೇಳಲಿಲ್ಲ. ವರ್ಷಗಟ್ಟಲೆ ಹೀಗೆ ನಡೆಯಿತು. ಒಮ್ಮೆ ಮಾತ್ರ, ನಾನು ಚಾ ಕೊಡುವಾಗ, ಅವರಾಗಿಯೇ ಹೇಳಿದರು: "ನುಡಿಸುದು ಬೇಡ ಅಂದದ್ದಕ್ಕೆ ಬೇಸರ ಇಲ್ಲ ಸುಮತಿ. ನಡುವಿಂದ ಎಬ್ಬಿಸಿದ್ರಲ್ಲ."

ನಾನು ನಿವೃತ್ತಳಾಗುವ ಹಿಂದಿನ ವರ್ಷ ಲವೀನಾ ಬಂದಳು. ಶಾಲೆಯಲ್ಲಿ ಮ್ಯೂಸಿಕ್ ಟೀಚರ್, ಚರ್ಚಿನ ಕಾಯರ್‌ನಲ್ಲಿ ಬೆಳೆದವಳು, ಮನೆಮಾತು ಕೊಂಕಣಿ. ತಾನು ರಚಿಸಿದ ಒಂದು ಕೃತಿ ರೆಕಾರ್ಡ್ ಆಗಬೇಕು ಎಂದಳು. ಮಿನಿಮಲಿಸ್ಟ್ ಮ್ಯೂಸಿಕ್, ಎಂದರೆ ಆದಷ್ಟು ಕಡಿಮೆ ಸ್ವರಗಳ ಸಂಗೀತ, ಎರಡು ಹಾರ್ಮೋನಿಯಂಗೆ.

"ಎಷ್ಟು ಸ್ವರ?" ಎಂದೆ.

"ಐದು."

"ಐದು ಸ್ವರದ ರಾಗವಾ?"

"ಅಲ್ಲ ಸುಮತಿಯಕ್ಕ. ಐದೇ ಸ್ವರ. ಅದೇ ಐದು, ಮೊದಲಿಂದ ಕಡೆಯ ತನಕ. ಅರ್ಧ ಗಂಟೆ."

ಭುಜಂಗಣ್ಣ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಇದಕ್ಕೆ ಕಂಪೋಸರ್ ಎಂತಕ್ಕೆ ಮಾರಾಯ್ತಿ? ಗೀರು ಬಿದ್ದ ಒಂದು ಸಿಡಿ ಸಾಕಲ್ಲ!"

ಅವಳು ಬೇಸರ ಮಾಡಿಕೊಳ್ಳಲಿಲ್ಲ. ಇಂಥದ್ದನ್ನು ಮೊದಲೂ ಕೇಳಿದವಳ ಹಾಗೆ ನಕ್ಕಳು. ಮೇಜಿನ ಮೇಲೆ ಎರಡೂ ಕೈಯ ಬೆರಳುಗಳಿಂದ ತಟ್ಟಿ ತೋರಿಸಿದಳು. ಇಬ್ಬರೂ ಒಂದೇ ಐದು ಸ್ವರಗಳನ್ನು ಒಟ್ಟಿಗೆ ಶುರು ಮಾಡುತ್ತಾರೆ. ಒಬ್ಬರು ಕಡೆಯ ತನಕ ಅಲ್ಲಿಂದ ಕದಲುವುದಿಲ್ಲ. ಇನ್ನೊಬ್ಬರು ತುಸುವೇ ವೇಗ ಹೆಚ್ಚಿಸುತ್ತಾರೆ, ಎಷ್ಟು ತುಸು ಎಂದರೆ ಮೊದಲಿಗೆ ಸ್ವರದ ಅಂಚು ಮಸುಕಾದ ಹಾಗೆ ಮಾತ್ರ ಅನ್ನಿಸಬೇಕು. ಹೀಗೆ ಜಾರುತ್ತಾ ಒಂದು ಸ್ವರದಷ್ಟು ಮುಂದೆ ಹೋಗಿ, ಅಲ್ಲಿ ಪುನಃ ಮೊದಲಿನ ವೇಗಕ್ಕೇ ಬಂದು ನಿಲ್ಲುತ್ತಾರೆ. ಆಗ ಎರಡೂ ಹೆಣೆದುಕೊಂಡು ಹೊಸದೊಂದು ಧಾಟಿ ಹುಟ್ಟುತ್ತದೆ. ಅದನ್ನು ಸ್ವಲ್ಪ ಹೊತ್ತು ಕೇಳಲಿಕ್ಕೆ ಬಿಟ್ಟು ಪುನಃ ಜಾರುವುದು. ಐದು ಸಲ ಜಾರಿದರೆ ಹೊರಟ ಜಾಗಕ್ಕೇ ಬಂದು ಇಬ್ಬರೂ ಒಂದಾಗುತ್ತಾರೆ. ಅಲ್ಲಿಗೆ ಒಟ್ಟಿಗೆ ನಿಲ್ಲಿಸುವುದು.

"ನಡುವೆ ಕೇಳುವ ಆ ಧಾಟಿ ಇಬ್ಬರಲ್ಲಿ ಯಾರೂ ನುಡಿಸಿದ್ದಲ್ಲ," ಎಂದಳು.

"ಗೊತ್ತುಂಟು," ಎಂದೆ. "ನಮ್ಮ ಹಿಂದೆ ದೋಣಿ ರಿಪೇರಿಯವರು ಅದನ್ನು ದಿನಾ ಮಾಡ್ತಿದ್ರು."

ಜಾರುವ ಭಾಗ ಅವಳದೇ. ಕದಲದೆ ಕೂರುವವರು ಬೇಕಿತ್ತು. ಮದುವೆ ಆರ್ಕೆಸ್ಟ್ರಾದ ರಾಕೇಶನನ್ನು ಕರೆಸಿದೆವು. ಚುರುಕು ಕೈ, ಎಂಥ ಹಾಡನ್ನೂ ಒಮ್ಮೆ ಕೇಳಿ ನುಡಿಸುವವನು. ಅದೇ ತೊಂದರೆಯಾಯಿತು. ಲವೀನಾ ಜಾರಲು ಶುರು ಮಾಡಿದ ಕೂಡಲೇ ಅವನ ಕೈ ತನ್ನಷ್ಟಕ್ಕೆ ಅವಳ ಹಿಂದೆ ಓಡುತ್ತಿತ್ತು. ದಿನವಿಡೀ ಪ್ರಯತ್ನಿಸಿ ಕೈ ಕೊಡವಿದ. "ಆಗುದಿಲ್ಲ ಅಕ್ಕ. ಪಕ್ಕದಲ್ಲಿ ಒಬ್ರು ಓಡುವಾಗ ನಾನು ನಿಲ್ಲುದು ಹೇಗೆ? ಇಷ್ಟು ವರ್ಷ ಸಂಪಾದನೆ ಮಾಡಿದ್ದೇ ಪಕ್ಕದವರ ಜೊತೆ ಓಡಿ!" ಕ್ಲಿಕ್ ಹಾಕಿ ನೋಡಿದೆವು. ಕ್ಲಿಕ್ಕನ್ನು ಕೇಳಿದರೆ ಹಾರ್ಮೋನಿಯಂ ಒಣಗಿದ ಕಟ್ಟಿಗೆಯ ಹಾಗೆ ಆಗುತ್ತಿತ್ತು, ಲವೀನಾಳನ್ನು ಕೇಳಿದರೆ ಓಡುತ್ತಿತ್ತು.

ಮತ್ತೆ ನಾನು ಕಂಪ್ಯೂಟರಿನಲ್ಲಿ ರಾಕೇಶ ನುಡಿಸಿದ್ದರಿಂದ ಐದು ಸ್ವರದ ಒಂದು ಒಳ್ಳೆಯ ಸುತ್ತನ್ನು ಆರಿಸಿ ಅದನ್ನೇ ಸಾಲಾಗಿ ಜೋಡಿಸಿದೆ. ಕಂಪ್ಯೂಟರ್ ಕದಲುವುದಿಲ್ಲ, ಸರಿ. ಆದರೆ ಪ್ರತಿ ಸುತ್ತಿನಲ್ಲೂ ಅದೇ ಗಾಳಿ, ಅದೇ ಒತ್ತು, ತಿದಿಯ ಅದೇ ಕಿರುಗುಟ್ಟುವಿಕೆ. ಸ್ವಲ್ಪ ಹೊತ್ತಿಗೆ ಕಿವಿ ಅದನ್ನು ಫ್ಯಾನಿನ ಸದ್ದಿನ ಲೆಕ್ಕಕ್ಕೆ ಸೇರಿಸಿ ಬಿಟ್ಟುಬಿಡುತ್ತದೆ. ಒಂದು ಹಾರ್ಮೋನಿಯಂ ಕಿವಿಗೇ ಬೀಳದೆ ಹೋದ ಮೇಲೆ ಇನ್ನೊಂದು ಯಾವುದರಿಂದ ಜಾರುವುದು? ಇದನ್ನು ಹೊಸಬರು ಗಮನಿಸಬೇಕು. ಇಂಥ ಸಂಗೀತದಲ್ಲಿ ಒಂದನ್ನೇ ನುಡಿಸುವುದು ಎಂದರೆ ನಕಲು ಮಾಡುವುದಲ್ಲ. ಪ್ರತಿ ಸಲವೂ ಹೊಸದಾಗಿ ಅದನ್ನೇ ನುಡಿಸುವುದು.

ಲವೀನಾ ತಲೆ ಮೇಲೆ ಕೈ ಇಟ್ಟು ಕೂತಳು. ನಾನು ಚಾ ತರಲು ಹೊರಗೆ ಹೋದೆ. ಬೆಂಚಿನಲ್ಲಿ ಸಂಜೀವಣ್ಣ ಇದ್ದರು.

ನನಗೆ ಏಕಾಹ ಭಜನೆ ನೆನಪಾಯಿತು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಭಜನಾ ಮಂದಿರಗಳಲ್ಲಿ ಒಂದು ಸೂರ್ಯೋದಯಕ್ಕೆ ದೀಪ ಹಚ್ಚಿ ಶುರು ಮಾಡಿದ ಭಜನೆಯನ್ನು ಮರುದಿನದ ಸೂರ್ಯೋದಯದ ತನಕ ಒಂದು ಕ್ಷಣವೂ ನಿಲ್ಲಿಸದೆ ಹಾಡುವ ಪದ್ಧತಿ ಅದು. ಒಂದೇ ತಂಡಕ್ಕೆ ಸಾಧ್ಯವಿಲ್ಲದ ಕಾರಣ ಊರೂರಿನ ತಂಡಗಳು ಸರದಿಯಲ್ಲಿ ಬರುತ್ತವೆ. ಹೊಸ ತಂಡ ಬಂದು ಕೂತು ತಮ್ಮ ತಾಳ ಹಿಡಿಯುವಾಗ ಹಳೆಯ ತಂಡ ಏಳುತ್ತಾ ಇರುತ್ತದೆ. ಕಾಲು ಸಪ್ಪಳ, ಮಾತು, ಹೊಸಬರ ಬೇರೆ ವೇಗ. ಅಷ್ಟು ಗೊಂದಲದ ನಡುವೆ ಹಳೆಯ ತಂಡದ ಹಾರ್ಮೋನಿಯಂನವರು ಮಾತ್ರ ಕೂತಲ್ಲೇ ಕೂತು ತಮ್ಮದನ್ನು ಹಿಡಿದಿರಬೇಕು. ಹೊಸಬರು ಬಂದು ಅದನ್ನು ಪೂರ್ತಿ ವಹಿಸಿಕೊಳ್ಳುವ ತನಕ ಕೈ ತೆಗೆಯುವ ಹಾಗಿಲ್ಲ. ಸಂಜೀವಣ್ಣ ಪ್ರಾಯದ ಕಾಲದಿಂದಲೂ ಕೂತದ್ದು ಆ ಜಾಗದಲ್ಲಿ.

ಭುಜಂಗಣ್ಣನಿಗೆ ಹೇಳಿದೆ. "ಪುನಃ ಅವರಾ?" ಎಂದರು. "ಒಮ್ಮೆ ಎಬ್ಬಿಸಿದ್ದೇ ನಂಗೆ ಇನ್ನೂ ಚುಚ್ತಾ ಉಂಟು. ಇನ್ನೊಮ್ಮೆ ಎಬ್ಬಿಸುವ ಹಾಗೆ ಆದ್ರೆ ನೀನೇ ಹೋಗಿ ಎಬ್ಬಿಸ್ಬೇಕು, ನಾನು ಒಳಗೆ ಹೋಗುದಿಲ್ಲ."

"ಆಯ್ತು," ಎಂದೆ. ಧೈರ್ಯದಿಂದ ಹೇಳಿದ್ದಲ್ಲ.

ಸಂಜೀವಣ್ಣ ಲವೀನಾ ಕೊಟ್ಟ ಐದು ಸ್ವರಗಳನ್ನು ಒಂದೆರಡು ಸಲ ನುಡಿಸಿದರು. "ಇಷ್ಟೇಯಾ?"

"ಇಷ್ಟೇ ಸಂಜೀವಣ್ಣ," ಎಂದು ಲವೀನಾ ಅವರ ಬಲಗಿವಿಯ ಹತ್ತಿರ ಜೋರಾಗಿ ಹೇಳಿದಳು. "ನಾನು ಎಲ್ಲಿಗೆ ಹೋದ್ರೂ ನೀವು ಬರ್ಲಿಕ್ಕಿಲ್ಲ."

"ನೀನು ಎಲ್ಲಿಗೆ ಬೇಕಾದ್ರೂ ಹೋಗು ಮಗಾ. ನಾನು ಇಲ್ಲೇ ಇರ್ತೇನೆ."

ಹೆಡ್‌ಫೋನ್ ಬೇಡವೆಂದರು. ಶ್ರವಣಯಂತ್ರ ಕಿಸೆಯಲ್ಲೇ ಇತ್ತು. ಇಬ್ಬರೂ ಎದುರುಬದುರು ಕೂತರು. ಲವೀನಾಳ ಕಿವಿಗೆ ಮಾತ್ರ ಹೆಡ್‌ಫೋನ್. ಕಂಟ್ರೋಲ್ ರೂಮಿನಲ್ಲಿ ಗಾಜಿನ ಈಚೆ ನಾನು, ನನ್ನ ಹಿಂದೆ ಭುಜಂಗಣ್ಣ.

ಶುರುವಿಗೆ ಒಂದೇ ಹಾರ್ಮೋನಿಯಂ ಇದ್ದ ಹಾಗೆ ಕೇಳಿತು. ಲವೀನಾ ಜಾರಿದಳು. ಸ್ವರಗಳ ಅಂಚು ಮಸುಕಾಯಿತು, ಕೋಣೆ ತುಂಬ ನೆರಳು ಬಿದ್ದ ಹಾಗಾಯಿತು. ನಾನು ಸಂಜೀವಣ್ಣನ ಬೆರಳುಗಳನ್ನೇ ನೋಡುತ್ತಿದ್ದೆ. ಓಡಲಿಲ್ಲ. ಲವೀನಾ ಒಂದು ಸ್ವರದಷ್ಟು ಮುಂದೆ ಹೋಗಿ ನಿಂತಳು. ಎರಡರ ನಡುವಿನಿಂದ ಮೇಲಿನ ಸ್ವರಗಳೆಲ್ಲ ಸೇರಿ ಯಾರೂ ನುಡಿಸದ ಒಂದು ಧಾಟಿ ಎದ್ದು ಬಂತು. ಎರಡನೆಯ ಸಲ ಜಾರಿ ನಿಂತಾಗ ಕೆಳಗಿನ ಸ್ವರಗಳು ಸೇರಿ ಡೋಲಿನ ಹಾಗೆ ಬಡಿದುಕೊಂಡವು. ಅವೇ ಐದು ಸ್ವರ. ಹಿಂದಿನಿಂದ ಸದ್ದಿಲ್ಲವೆಂದು ತಿರುಗಿ ನೋಡಿದರೆ ಭುಜಂಗಣ್ಣ ಕುರ್ಚಿ ಎಳೆದು ಕೂತಿದ್ದರು. ಅವರು ಕಂಟ್ರೋಲ್ ರೂಮಿನಲ್ಲಿ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. "ಅಲ್ಲ, ಈ ಕೊಳಲು ಯಾರದ್ದು?" ಎಂದು ಪಿಸುಗುಟ್ಟಿದರು. ಕೊಳಲು ಯಾರದ್ದೂ ಅಲ್ಲ ಎಂದೆ.

ಐದನೆಯ ಸಲ ಜಾರಿ ಇಬ್ಬರೂ ಒಂದಾದರು. ಸ್ವಲ್ಪ ಹೊತ್ತು ಒಟ್ಟಿಗೆ ನುಡಿಸಿ, ಬರೆದುಕೊಂಡ ಹಾಗೆ ಲವೀನಾ ತಲೆ ಅಲ್ಲಾಡಿಸಿ ಸನ್ನೆ ಮಾಡಿ ಕೈ ತೆಗೆದಳು.

ಸಂಜೀವಣ್ಣ ತೆಗೆಯಲಿಲ್ಲ.

ಲವೀನಾ ಗಾಬರಿಯಿಂದ ಗಾಜಿನ ಕಡೆ ನೋಡಿದಳು. ಭುಜಂಗಣ್ಣ ನನ್ನ ಬೆನ್ನ ಹಿಂದೆ, "ಕೇಳ್ಲಿಲ್ಲ ಅವರಿಗೆ. ಹೋಗು ಸುಮತಿ, ಎಬ್ಬಿಸು," ಎಂದರು. ನಾನು ಎದ್ದೆ. ಆಗ ಸಂಜೀವಣ್ಣನ ಮುಖ ಕಂಡಿತು. ಅವರು ಲವೀನಾಳ ಕೈಯನ್ನೇ ನೋಡುತ್ತಿದ್ದರು. ಅವಳು ನಿಲ್ಲಿಸಿದ್ದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಏಕಾಹದಲ್ಲಿ ಕಾಯುವ ಹಾಗೆ ಕಾಯುತ್ತಿದ್ದರು, ಅಷ್ಟೇ. ಬೆರಳು ಅವೇ ಐದು ಸ್ವರಗಳ ಮೇಲೆ, ಅದೇ ವೇಗದಲ್ಲಿ.

ನಾನು ಪುನಃ ಕೂತು ಒಳಗಿನವರಲ್ಲಿ ಮಾತಾಡುವ ಟಾಕ್‌ಬ್ಯಾಕ್ ಗುಂಡಿ ಒತ್ತಿ, ಲವೀನಾಳ ಹೆಡ್‌ಫೋನಿಗೆ ಹೇಳಿದೆ: "ನೀನು ಬಿಟ್ಟದ್ದು ಸಾಕಾಗುದಿಲ್ಲ. ತಕ್ಕೊಳ್ಬೇಕು. ಅವರ ಜೊತೆ ಪುನಃ ಶುರು ಮಾಡು, ನಿನ್ನ ಕೈ ಗಟ್ಟಿಯಾದ ಮೇಲೆ ಅವರೇ ಬಿಡ್ತಾರೆ."

ಅವಳು ಕೈ ಇಟ್ಟಳು. ಕೆಲವು ಸುತ್ತು ಇಬ್ಬರೂ ಒಟ್ಟಿಗೆ. ಸಂಜೀವಣ್ಣ ಅವಳ ಬೆರಳುಗಳನ್ನು ನೋಡುತ್ತಾ ನೋಡುತ್ತಾ ತಮ್ಮದನ್ನು ಸಣ್ಣದು ಮಾಡಿದರು. ಯಾವಾಗ ಅವರದು ನಿಂತಿತು ಎಂದು ನನಗೆ ಈಗ ಕೇಳಿದರೂ ಸರಿಯಾಗಿ ತೋರಿಸಲಿಕ್ಕೆ ಆಗುವುದಿಲ್ಲ. ತಿದಿ ಮುಚ್ಚಿ, ಕೊಂಡಿ ಹಾಕಿ, ಹಾರ್ಮೋನಿಯಂ ಮುಟ್ಟಿ ನಮಸ್ಕಾರ ಮಾಡಿ ಎದ್ದು, ಬಾಗಿಲು ತೆರೆದು ಈಚೆ ಬಂದರು. ಒಳಗೆ ಲವೀನಾ ಒಬ್ಬಳೇ ನುಡಿಸುತ್ತಿದ್ದಳು, ಮುಂದೆ ಏನು ಮಾಡುವುದೆಂದು ತಿಳಿಯದೆ.

"ಸಂಜೀವಣ್ಣ, ಅವಳು ನಿಲ್ಲಿಸುದು ಯಾವಾಗ?" ಎಂದರು ಭುಜಂಗಣ್ಣ.

"ಅದು ಅವಳ ಸರದಿ. ನನ್ನಲ್ಲಿ ಎಂತ ಕೇಳುದು?" ಎಂದು ಅವರು ಚಪ್ಪಲಿ ಹಾಕಿದರು.

ನಾನು ಫೇಡರನ್ನು ನಿಧಾನಕ್ಕೆ ಇಳಿಸಿ, ಅವಳು ನುಡಿಸುತ್ತಿದ್ದ ಹಾಗೆಯೇ ಸದ್ದನ್ನು ಕರಗಿಸಿದೆ. ಲವೀನಾ ಆ ಕೊನೆಯನ್ನೇ ಇಟ್ಟುಕೊಂಡಳು. ಬಾಗಿಲಿನ ಸದ್ದು, ಕೊಂಡಿಯ ಸದ್ದು ತೆಗೆಯಲಾ ಎಂದು ಕೇಳಿದ್ದಕ್ಕೆ ಬೇಡವೆಂದಳು.

ಮರುದಿನ ಬೆಂಚು ಖಾಲಿ ಇತ್ತು. ಅದರ ಮರುದಿನವೂ. ಭುಜಂಗಣ್ಣ ಬೆಳಿಗ್ಗೆ ಬಂದು ಬೆಂಚು ನೋಡಿ, ನನ್ನನ್ನು ನೋಡಿ, ಒಳಗೆ ಹೋದರು. ಮೂರನೆಯ ದಿನಕ್ಕೆ ನನಗೆ ತಡೆಯಲಾಗಲಿಲ್ಲ. ಸಂಜೆ ಕೆಲಸ ಮುಗಿಸಿ ಹೋಗುವಾಗ ಅವರ ಮನೆಗೆ ಹೋಗುವುದೆಂದು ಹೊರಟೆ. ಅಲ್ಲಿಯ ತನಕ ಹೋಗಬೇಕಾಗಲಿಲ್ಲ. ಮಂಗಳಾದೇವಿ ರಸ್ತೆಯಲ್ಲೇ ಎದುರು ಬಂದರು, ಕೈಯಲ್ಲಿ ಬಂಗುಡೆ ಮೀನಿನ ಪ್ಲಾಸ್ಟಿಕ್ ತೊಟ್ಟೆ, ಕಿವಿಯಲ್ಲಿ ಶ್ರವಣಯಂತ್ರ.

"ಎಂತ ಸಂಜೀವಣ್ಣ, ಸ್ಟುಡಿಯೋಕ್ಕೆ ಬರುದೇ ಇಲ್ಲ?"

"ಎಂತಕ್ಕೆ ಬರುದು ಮಾರಾಯ್ತಿ?" ಎಂದರು. "ಅಲ್ಲಿ ಆ ಹುಡುಗಿ ಹಿಡ್ಕೊಂಡಿದ್ದಾಳಲ್ಲ."